ಕಿಟ್ಟೆಲ್ ಸಾಹೇಬರೂ ನಾನು ತಪ್ಪಿದ ಗಮಕ ಸಮಾಸವೂ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಂಪಾದಕ ಸಮಿತಿಯವರು ಫೋನ್ ಮಾಡಿದಾಗ, ನಾನು ಕಂಪ್ಯೂಟರಿನ ಬಗ್ಗೆ ಬರೆಯುತ್ತೇನೆಂದು ಅವರು ಎಣಿಸಿರಬೇಕು. ನಾನೂ ಹಾಗೆಯೇ ಎಣಿಸಿದ್ದೆ. ಆದರೆ ಶಾಲೆ ಎಂದ ಕೂಡಲೇ ನೆನಪಿಗೆ ಬಂದದ್ದು ಹತ್ತನೆಯ ತರಗತಿಯ ಕನ್ನಡ ಪರೀಕ್ಷೆಯ ಒಂದು ಪ್ರಶ್ನೆ. 'ಮಾಡಿದಡುಗೆ' ಯಾವ ಸಮಾಸ ಎಂದು ಕೇಳಿದ್ದರು. ನಾನು ಕರ್ಮಧಾರಯ ಎಂದು ಬರೆದೆ. ಉತ್ತರ ಗಮಕ ಸಮಾಸ. ಅದನ್ನು ನಮ್ಮ ಕನ್ನಡ ಮಾಷ್ಟ್ರು ಅದಕ್ಕೂ ಮೊದಲು ಕಡಿಮೆಯೆಂದರೆ ನಾಲ್ಕು ಸಲ ಕರಿಹಲಗೆಯಲ್ಲಿ ಬಿಡಿಸಿ ತೋರಿಸಿದ್ದರು. ಮಾಡಿದುದು + ಅಡುಗೆ. ಹೊರಗೆ ಆಟದ ಬಯಲಿನಲ್ಲಿ ಒಂಬತ್ತನೆಯವರ ವಾಲಿಬಾಲ್ ನಡೆಯುತ್ತಿತ್ತು, ನನ್ನ ಕಣ್ಣು ಅಲ್ಲಿತ್ತು.

ಆಮೇಲೆ ಪಿಯುಸಿ, ಬಿ.ಇ., ಬೆಂಗಳೂರು. ಹದಿನೈದು ವರ್ಷ ಸಮಾಸದ ಹೆಸರು ಎತ್ತಿದವರಿಲ್ಲ. ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಒಂದು ಆ್ಯಪನ್ನು ಕನ್ನಡದಲ್ಲಿ ತರುವ ಕೆಲಸ ಬಂತು. ತಂಡದಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ಇಂಥವರು ಹಂಚಿಕೊಂಡ ಫೈಲುಗಳು ಎಂಬ ಅರ್ಥದ ಒಂದು ಸಾಲು ಇಂಗ್ಲಿಷಿನಲ್ಲಿತ್ತು. ಅದರಲ್ಲಿ ವ್ಯಕ್ತಿಯ ಹೆಸರು ಕಟ್ಟಕಡೆಗೆ ಬರುತ್ತದೆ. ಹೆಸರಿಗಾಗಿ ಬಿಟ್ಟ ಖಾಲಿ ಜಾಗವನ್ನು ಅಲ್ಲಿಯೇ ಉಳಿಸಿ ನಾನು 'ಹಂಚಿಕೊಂಡ ಫೈಲುಗಳು' ಎಂದು ಬರೆದು ಮುಂದೆ ಹೋದೆ. ಪರದೆಯ ಮೇಲೆ ಬಂದಾಗ ಯಾರು ಹಂಚಿಕೊಂಡರು, ಯಾರ ಜೊತೆ ಹಂಚಿಕೊಂಡರು ಎಂಬುದೇ ತಿಳಿಯದ ಹಾಗಾಯಿತು. ಹೆಸರು ಬಾಲದಂತೆ ಹಿಂದೆ ನೇತಾಡುತ್ತಿತ್ತು. ತಪ್ಪು ನನ್ನದೇ. ಅದನ್ನು ಸರಿಮಾಡಲು ಕುಳಿತ ರಾತ್ರಿ, ಕನ್ನಡದಲ್ಲಿ ಇಂಥ ಮಾತು ಹೇಗೆ ಕಟ್ಟಿಕೊಳ್ಳುತ್ತದೆ ಎಂದು ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಕಿಟ್ಟೆಲ್ ಸಾಹೇಬರ ವ್ಯಾಕರಣ. 1903ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾದ ಪುಸ್ತಕ. ನಿಘಂಟು ಬರೆದವರು ಎಂಬುದಷ್ಟೇ ಅವರ ಬಗ್ಗೆ ನನಗೆ ಗೊತ್ತಿತ್ತು. ಆ ಮೇಲೆ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಜರ್ಮನಿಯ ಬಡಗಣ ತುದಿಯಲ್ಲಿ, ಕಡಲ ಬದಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ. ಹದಿನೆಂಟರ ಹರೆಯದಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಮಿಷನ್ ಶಾಲೆಗೆ ಸೇರಿದರು. ಅಲ್ಲಿ ಮೂರು ವರ್ಷ. 1853ರಲ್ಲಿ ಹಡಗು ಹತ್ತಿ ನಮ್ಮ ಕರಾವಳಿಗೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಈಗಿನ ಲೆಕ್ಕದಲ್ಲಿ ನಮ್ಮ ಹುಡುಗರು ಬಿ.ಇ. ಮುಗಿಸಿ ಕ್ಯಾಂಪಸ್ ಇಂಟರ್ವ್ಯೂಗೆ ಕೂರುವ ಪ್ರಾಯ.

ಬಾಸೆಲ್ ಮಿಷನ್ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಹಂಚು. 1865ರಲ್ಲಿ ಮಂಗಳೂರಿನಲ್ಲಿ ಅವರು ಹಂಚಿನ ಕಾರ್ಖಾನೆ ಆರಂಭಿಸಿದರು. ಪುತ್ತೂರು, ಸುಳ್ಯ, ಕಡಬದ ಎಷ್ಟೋ ಹಳೆಯ ಮನೆಗಳು ಮುಳಿಹುಲ್ಲಿನಿಂದ ಮಂಗಳೂರು ಹಂಚಿಗೆ ಬದಲಾದದ್ದು ಆ ಕಾಲದಿಂದ ಮುಂದೆ. ಆದರೆ ಹಂಚಿಗಿಂತ ಮೊದಲೇ ಅವರು ಮುದ್ರಣಾಲಯ ತಂದಿದ್ದರು. ಮೋಗ್ಲಿಂಗ್ ಎಂಬವರು 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ್ದೂ, ಹಳಗನ್ನಡ, ನಡುಗನ್ನಡ ಕೃತಿಗಳನ್ನು ಕಲ್ಲಚ್ಚಿನಲ್ಲಿ ತೆಗೆದದ್ದೂ ಕಿಟ್ಟೆಲ್ ಬರುವ ಮೊದಲು. ಅಂದರೆ ಕನ್ನಡ ಕಲಿಯಲು ಬೇಕಾದ ಪರಿಸರ ಸಿದ್ಧವಾಗಿತ್ತು.

ಕಲಿತದ್ದು ಮಾತ್ರ ಬೇರೆಯವರಿಗಿಂತ ಹೆಚ್ಚಾಯಿತು. ಮಿಷನ್ನಿಗೆ ಬೇಕಿದ್ದದ್ದು ಧರ್ಮ ಹೇಳುವಷ್ಟು ಕನ್ನಡ. ಕಿಟ್ಟೆಲ್ ಜನರ ನಡುವೆ ಜನರಂತೆಯೇ ಬದುಕಬೇಕು, ಭಾರತೀಯರಿಗೆ ಭಾರತೀಯನಾಗಬೇಕು ಎಂಬ ಹಟ ಹಿಡಿದರು. ಧಾರವಾಡದ ಕಡೆ ಕೆಲಸಕ್ಕೆ ಹೋದಾಗ ಈ ಹಟ ಬೆಳೆಯಿತು. ಜೊತೆಯವರಿಗೂ ಬಾಸೆಲ್‌ನ ಹಿರಿಯರಿಗೂ ಅದು ಹಿಡಿಸಲಿಲ್ಲ. ಒಳ್ಳೆಯ ಮಿಷನರಿ ಎಂಬ ಹೆಸರು ಅವರಿಗೆ ಅಲ್ಲಿ ಬರಲಿಲ್ಲ, ತಿಕ್ಕಾಟವೇ ಹೆಚ್ಚಾಯಿತು. ಯಾವ ಕೆಲಸಕ್ಕೆಂದು ಅಷ್ಟು ದೂರ ಕಳಿಸಿದ್ದರೋ ಆ ಕೆಲಸದಲ್ಲಿ ಅವರು ಬಹುಮಟ್ಟಿಗೆ ಸೋತವರು. ಈ ಮಾತನ್ನು ಅವರ ಪ್ರತಿಮೆಯ ಕೆಳಗೆ ಯಾರೂ ಕೆತ್ತುವುದಿಲ್ಲ, ಆದರೆ ಇದನ್ನು ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ. ಅವರನ್ನು ನಿಧಾನವಾಗಿ ಪುಸ್ತಕದ ಕೆಲಸಕ್ಕೆ, ಮುದ್ರಣದ ಕೆಲಸಕ್ಕೆ ತಿರುಗಿಸಲಾಯಿತು. ನಮ್ಮಲ್ಲಾದರೆ ಮೂಲೆಗೆ ಹಾಕಿದರು ಎನ್ನುತ್ತೇವೆ.

1860ರಲ್ಲಿ ಪೌಲೀನಾ ಐತ್ ಎಂಬವರನ್ನು ಮದುವೆಯಾದರು. ನಾಲ್ಕೇ ವರ್ಷದಲ್ಲಿ ಆಕೆ ತೀರಿಹೋದರು. 1867ರಲ್ಲಿ ಆಕೆಯ ತಂಗಿ ಯೂಲಿಯನ್ನು ಮದುವೆಯಾದರು. ಈ ನಡುವೆ, 1862ರಲ್ಲಿ, ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಹೇಳಿದ 'ಕಥಾಮಾಲೆ' ಎಂಬ ಪದ್ಯಕೃತಿ ಬಂತು. ಒಂಬತ್ತು ವರ್ಷದ ಹಿಂದೆ ಕನ್ನಡದ ಅ ಆ ತಿಳಿಯದಿದ್ದವರು ಕನ್ನಡದಲ್ಲಿ ಪದ್ಯ ಕಟ್ಟಿದರು.

ಮಡಿಕೇರಿಯಲ್ಲೂ ಕೊಡಗಿನ ಆನಂದಪುರದಲ್ಲೂ ಅವರು ಇದ್ದದ್ದುಂಟು. ಮಂಗಳೂರಿನಿಂದ ಮಡಿಕೇರಿಗೆ ಹೋಗುವ ದಾರಿ ಅಂದೂ ಇಂದೂ ಪುತ್ತೂರು, ಸುಳ್ಯ, ಸಂಪಾಜೆಯ ಮೇಲೆಯೇ. ಎತ್ತಿನ ಗಾಡಿಯಲ್ಲೋ ಕುದುರೆಯಲ್ಲೋ ಕಿಟ್ಟೆಲ್ ಸಾಹೇಬರು ನಮ್ಮೂರ ರಸ್ತೆಯ ಧೂಳು ಕುಡಿದಿರಬೇಕು ಎಂಬುದು ನನ್ನ ಆಸೆಯ ಊಹೆ. ಆ ದಾರಿಯಲ್ಲಿ ಕಿವಿ ತೆರೆದು ನಡೆದವನಿಗೆ ಒಂದೇ ಹಗಲಿನಲ್ಲಿ ತುಳು, ಅರೆಭಾಷೆ, ಹವಿಗನ್ನಡ, ಬ್ಯಾರಿಗಳ ಮಾತು, ಕೊಂಕಣಿ, ಮರಾಠಿ ಎಲ್ಲ ಕೇಳುತ್ತದೆ. ನಮ್ಮ ತರಗತಿಯ ಒಂದು ಬೆಂಚಿನಲ್ಲೇ ಮೂರು ಮನೆಮಾತು ಇತ್ತು.

ಇನ್ನು ನನ್ನ ಗಮಕ ಸಮಾಸಕ್ಕೆ ಬರುತ್ತೇನೆ. ಕಿಟ್ಟೆಲ್ ಅವರಂಥವರಿಗೆ ಕನ್ನಡದಲ್ಲಿ ಎಲ್ಲಿ ತೊಡಕಾಗುತ್ತದೆ, ಎಲ್ಲಿ ಬೆರಗಾಗುತ್ತದೆ ಎಂಬುದು ನನಗೆ ಹೊಳೆದದ್ದು ಅಲ್ಲಿಯೇ.

ನಿನ್ನೆ ಬಂದ ಹುಡುಗ ಎನ್ನುತ್ತೇವೆ. ಇಂಗ್ಲಿಷಿನವರಿಗೆ ಮೊದಲು ಹುಡುಗ ಬೇಕು, ಆಮೇಲೆ ಯಾರು ಎಂಬ ಕೊಂಡಿ, ಅದರ ಹಿಂದೆ ನಿನ್ನೆ ಬಂದದ್ದು. ಜರ್ಮನ್ ಮಾತಿನಲ್ಲೂ ಸಾಮಾನ್ಯವಾಗಿ ಹಾಗೆಯೇ. ನಮಗೆ ಕೊಂಡಿ ಬೇಡ. ಹೇಳಬೇಕಾದ ವಿಶೇಷವನ್ನೆಲ್ಲ ಮೊದಲೇ ಹೇಳಿ ಕೊನೆಗೆ ಹುಡುಗನನ್ನು ನಿಲ್ಲಿಸುತ್ತೇವೆ. ನಿನ್ನೆ ಸಂಜೆ ಮಳೆಯಲ್ಲಿ ಕೊಡೆ ಇಲ್ಲದೆ ನೆನೆದುಕೊಂಡು ಬಂದ ಹುಡುಗ ಎಂದು ಎಷ್ಟು ಉದ್ದ ಬೇಕಾದರೂ ಎಳೆಯಬಹುದು. ಕೇಳುವವನು ಕಾಯಬೇಕು, ಅಷ್ಟೇ. ತುಳುವಿನಲ್ಲಿ ಕೋಡೆ ಬತ್ತಿನ ಆಣ್. ಹವ್ಯಕರ ಮನೆಯಲ್ಲಿ ನಿನ್ನೆ ಬಂದ ಮಾಣಿ. ಅರೆಭಾಷೆಯವರಲ್ಲಿ ಬಂದ ಹೈದ. ಊರಿನ ಈ ಮಾತುಗಳಲ್ಲೆಲ್ಲ ಹುಡುಗ ಕೊನೆಗೇ ಬರುತ್ತಾನೆ. ಯಾವನು ಬಂದನೋ ಅವನು ಎಂದು ಎರಡು ತುಂಡು ಮಾಡಿ ಹೇಳುವ ಕ್ರಮವೂ ಕನ್ನಡದಲ್ಲಿ ಉಂಟು, ಮಿಷನರಿಗಳ ಕಾಲದ ಅನುವಾದಗಳಲ್ಲಿ ಅದು ಸಾಕಷ್ಟು ಕಾಣುತ್ತದೆ. ತಪ್ಪಲ್ಲ. ಆದರೆ ಅಂಗಡಿ ಜಗಲಿಯಲ್ಲಿ ಕೂತವರು ಹಾಗೆ ಮಾತಾಡುವುದಿಲ್ಲ.

ಇದಕ್ಕಿಂತ ಮೋಜಿನದು ಇನ್ನೊಂದು. ಅಡಿಕೆ ಸುಲಿದ ಎಂಬ ಎರಡು ಮಾತು ತೆಗೆದುಕೊಳ್ಳಿ. ಅಡಿಕೆ ಸುಲಿದ ಹೆಂಗಸು. ಅಡಿಕೆ ಸುಲಿದ ಕತ್ತಿ. ಅಡಿಕೆ ಸುಲಿದ ಜಗಲಿ. ಅಡಿಕೆ ಸುಲಿದ ರಾತ್ರಿ. ಅಡಿಕೆ ಸುಲಿದ ಕೂಲಿ. ಹೆಂಗಸು ಸುಲಿದವಳು, ಕತ್ತಿಯಿಂದ ಸುಲಿದದ್ದು, ಜಗಲಿಯಲ್ಲಿ ಸುಲಿದದ್ದು, ರಾತ್ರಿ ಹೊತ್ತು ಸುಲಿದದ್ದು, ಕೂಲಿಗಾಗಿ ಸುಲಿದದ್ದು. ಇಂಗ್ಲಿಷಿನಲ್ಲಾದರೆ ಈ ಐದಕ್ಕೂ ಕೊಂಡಿಯನ್ನು ಬದಲಿಸಬೇಕಾಗುತ್ತದೆ. ನಮ್ಮಲ್ಲಿ ಒಂದಕ್ಷರ ಅಲುಗುವುದಿಲ್ಲ. ಸಂಬಂಧ ಯಾವುದೆಂದು ಕೇಳುವವನಿಗೆ ಗೊತ್ತಿರುತ್ತದೆ, ಯಾಕೆಂದರೆ ಅವನೂ ಅಡಿಕೆ ಸುಲಿದವನೇ. ಗೊತ್ತಿಲ್ಲದ ಕಡೆ ಮಾತ್ರ ಎಡವಟ್ಟು. ಹುಲಿ ಕೊಂದ ಮನುಷ್ಯ ಎಂದರೆ ಸತ್ತವರು ಯಾರು? ನನ್ನ ಆ್ಯಪಿನಲ್ಲಿ ಆದದ್ದೂ ಇದೇ.

ಗುಣ ಹೇಳುವ ಪದಗಳ ಕಥೆಯೂ ಹಾಗೆಯೇ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಹುಡುಗರು. ಒಳ್ಳೆಯ ಎಂಬುದು ಯಾರ ಮುಂದೆ ನಿಂತರೂ ಹಾಗೆಯೇ ನಿಲ್ಲುತ್ತದೆ. ಜರ್ಮನ್‌ನಲ್ಲಿ ಲಿಂಗ, ವಚನ, ವಿಭಕ್ತಿಗೆ ತಕ್ಕಂತೆ ಅದರ ಬಾಲ ಬದಲಾಗಬೇಕು. ಸಂಸ್ಕೃತದಲ್ಲೂ ವಿಶೇಷ್ಯ ಹೇಗೋ ವಿಶೇಷಣ ಹಾಗೆ. ಈ ಎರಡನ್ನೂ ಓದಿಕೊಂಡು ಬಂದವನಿಗೆ ಕನ್ನಡ ಇಲ್ಲಿ ತೀರ ಸರಳವಾಗಿ ಕಾಣುತ್ತದೆ. ಹಾಗೆಂದು ಕನ್ನಡದ ಹುಟ್ಟು ಗುಣವಾಚಕಗಳು ಬಹಳ ಇಲ್ಲ. ಹೊಸ, ಹಳೆ, ಕರಿ, ಬಿಳಿ, ಹಿರಿ, ಕಿರಿ ಎಂದು ಎಣಿಸಿದರೆ ಬೇಗ ಮುಗಿಯುತ್ತದೆ. ಮಿಕ್ಕದ್ದಕ್ಕೆ ನಾವು ಕ್ರಿಯಾಪದವನ್ನೇ ಕರೆಯುತ್ತೇವೆ. ಚಂದವಾದ, ಬುದ್ಧಿಯುಳ್ಳ, ಬೆಂದ, ಬಾಡಿದ, ಕೊಳೆತ, ತೀರದ. ಅಂದರೆ ಬಂದ, ಬರುವ, ಬಾರದ ಎಂಬ ಈ ಮೂರು ಅಚ್ಚು ಗಟ್ಟಿಯಾಗಿ ಹಿಡಿದವನಿಗೆ ಕನ್ನಡದ ಅರ್ಧ ಬಾಗಿಲು ತೆರೆದ ಹಾಗೆ.

ಇದನ್ನೆಲ್ಲ ಹದಿಮೂರನೆಯ ಶತಮಾನದಲ್ಲೇ ಕೂತು ಯೋಚಿಸಿದ ಒಬ್ಬರಿದ್ದರು. 'ಶಬ್ದಮಣಿದರ್ಪಣ' ಬರೆದ ಕೇಶಿರಾಜ. ಕವಿ ಜನ್ನನ ಸೋದರಳಿಯ. ಸಂಸ್ಕೃತ ವ್ಯಾಕರಣದ ಚೌಕಟ್ಟನ್ನೇ ಹಿಡಿದು ಹೊರಟರೂ, ಆ ಚೌಕಟ್ಟಿಗೆ ಒಗ್ಗದ ಕನ್ನಡದ ಸಂಗತಿಗಳಿಗೆ ಬೇರೆ ಜಾಗ ಮಾಡಿಕೊಟ್ಟವರು ಅವರು. ಆ ಹುಡುಗ, ಮಾಡಿದಡುಗೆ ಎಂಬಂಥವು ಸಂಸ್ಕೃತದ ಯಾವ ಸಮಾಸದಲ್ಲೂ ಸರಿಯಾಗಿ ಕೂರುವುದಿಲ್ಲ. ಅದಕ್ಕೇ ಗಮಕ ಸಮಾಸ. ಕನ್ನಡಕ್ಕೇ ಮೀಸಲಾದ ಸಮಾಸವನ್ನು ಕನ್ನಡ ಶಾಲೆಯ ಹುಡುಗ ತಪ್ಪು ಬರೆದು ಬಂದದ್ದು ಈಗ ನೆನೆದರೆ ನಗು ಬರುತ್ತದೆ.

ಈ ಕೇಶಿರಾಜನನ್ನು ಹಿಡಿದು ಕೂತವರು ಕಿಟ್ಟೆಲ್. ತಾಳೆಗರಿಯ ಪ್ರತಿಗಳನ್ನು ತಂದು ಹೋಲಿಸಿ, ಹಳೆಯ ವ್ಯಾಖ್ಯಾನದ ಜೊತೆ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. 1875ರಲ್ಲಿ ನಾಗವರ್ಮನ 'ಛಂದೋಂಬುಧಿ' ಬಂತು. ಆ 1872 ಎಂಬುದು ಬಾಸೆಲ್ ಮಿಷನ್ನಿನ ಅಚ್ಚುಕೂಟಕ್ಕೆ ಎಂಥ ವರ್ಷ ನೋಡಿ. ಬ್ರೀಗೆಲ್ ಅವರ ತುಳು ವ್ಯಾಕರಣವೂ ಗುಂಡರ್ಟ್ ಅವರ ಮಲಯಾಳ ನಿಘಂಟೂ ಅದೇ ವರ್ಷ ಮಂಗಳೂರಿನಿಂದಲೇ ಹೊರಬಂದವು. ನಮ್ಮ ಮನೆಗಳಲ್ಲಿ ಆಡುವ ಮಾತುಗಳಿಗೆ ಒಂದೇ ಊರಿನಲ್ಲಿ, ಒಂದೇ ವರ್ಷದಲ್ಲಿ ಪುಸ್ತಕ ಹುಟ್ಟುತ್ತಿತ್ತು.

ನಿಘಂಟಿನ ಕೆಲಸ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಡೆಯಿತು. ಅದಕ್ಕೆ ಮೊದಲು ರೀವ್ ಅವರ ನಿಘಂಟು ಇತ್ತು. ಆದರೆ ಕಿಟ್ಟೆಲ್‌ಗೆ ಬೇಕಿದ್ದದ್ದು ಬರೇ ಪದದ ಅರ್ಥ ಅಲ್ಲ. ಪದ ಹಳಗನ್ನಡದಲ್ಲಿ ಹೇಗಿತ್ತು, ನಡುವೆ ಏನಾಯಿತು, ಈಗ ಹೇಗೆ ಆಡುತ್ತಾರೆ, ತಮಿಳು, ತೆಲುಗು, ಮಲಯಾಳ, ತುಳುಗಳಲ್ಲಿ ಅದರ ಬಂಧುಗಳು ಯಾರು ಎಂದು ನೋಡಬೇಕು. ಪಂಡಿತರ ನೆರವು ಪಡೆದರು, ಕಾವ್ಯಗಳನ್ನು ಅಗೆದರು, ಗಾದೆಗಳನ್ನು ಕೂಡಿಸಿದರು. ಕನ್ನಡದ ಪದಗಳೆಲ್ಲ ಸಂಸ್ಕೃತದಿಂದ ಬಂದವು ಎಂದು ಹಲವರು ನಂಬಿದ್ದ ಕಾಲದಲ್ಲಿ, ಸಂಸ್ಕೃತವೇ ದ್ರಾವಿಡ ಭಾಷೆಗಳಿಂದ ಪದಗಳನ್ನು ಪಡೆದಿದೆ ಎಂದು ಪಟ್ಟಿ ಸಮೇತ ವಾದಿಸಿದರು. ಆ ಪಟ್ಟಿಯ ಎಲ್ಲ ಪದಗಳನ್ನು ಈಗಿನ ವಿದ್ವಾಂಸರು ಒಪ್ಪಲಾರರು. ಆದರೆ ದಾರಿ ಸರಿಯಾಗಿತ್ತು.

1877ರಲ್ಲಿ ಅವರು ಜರ್ಮನಿಗೆ ಮರಳಿದರು. ಅಲ್ಲಿ ಕೂತು ನಿಘಂಟು ಮುಗಿಸುವುದು ಆಗುವ ಮಾತಲ್ಲ. ಪದ ಇರುವುದು ಆಡುವವರ ಬಾಯಲ್ಲಿ. ಐವತ್ತು ದಾಟಿದ ಮೇಲೆ, 1883ರಲ್ಲಿ, ಮತ್ತೆ ಬಂದರು. 1892ರ ತನಕ ಇಲ್ಲಿಯೇ ಇದ್ದು ಕೆಲಸ ಮಾಡಿದರು. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. 1752 ಪುಟ, ಸುಮಾರು 70,000 ಪದ. ಕಂಪ್ಯೂಟರ್ ಇಲ್ಲ, ಹುಡುಕುವ ಗುಂಡಿ ಇಲ್ಲ, ತಿದ್ದಿದ್ದನ್ನು ಹಿಂದಕ್ಕೆ ತರುವ ಸೌಲಭ್ಯ ಇಲ್ಲ. ಒಂದೊಂದು ಅಚ್ಚಿನ ಮೊಳೆ ಕೈಯಿಂದ ಜೋಡಿಸಬೇಕು. ನಾನು ಒಂದು ಆ್ಯಪಿನ ಕೆಲವು ನೂರು ಸಾಲು ಕನ್ನಡ ಮಾಡುವುದರೊಳಗೆ ಮೂರು ಸಲ ತಲೆನೋವಿನ ಮಾತ್ರೆ ನುಂಗಿದವನು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಅಷ್ಟಕ್ಕೇ ಸಾಕು ಎನ್ನಬಹುದಿತ್ತು. ಪ್ರಾಯ ಅರುವತ್ತು ದಾಟಿತ್ತು, ಊರು ಟ್ಯೂಬಿಂಗೆನ್, ಸುತ್ತಮುತ್ತ ಕನ್ನಡ ಆಡುವವರು ಯಾರೂ ಇಲ್ಲ. ಆದರೂ ವ್ಯಾಕರಣಕ್ಕೆ ಕೈಹಾಕಿದರು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ಇಟ್ಟು, ಕೇಶಿರಾಜ ಹೇಳಿದ್ದನ್ನು ನೆಲೆಯಾಗಿಟ್ಟುಕೊಂಡು ಬರೆದ ವ್ಯಾಕರಣ ಅದು. ಹೀಗೆ ಒಟ್ಟಿಗೆ ಇಟ್ಟು ನೋಡಿದಾಗ ಗೊತ್ತಾಗುವ ಒಂದು ಸಂಗತಿಯನ್ನು ಇಲ್ಲಿ ಹೇಳಿಬಿಡುತ್ತೇನೆ. ಬಂದ ಎಂಬುದು ಹಳಗನ್ನಡದಲ್ಲೂ ಬಂದ, ಇಂದಿಗೂ ಬಂದ. ಬಾರದ ಎಂಬುದೂ ಹಾಗೆಯೇ. ಸಾವಿರ ವರ್ಷ ಸವೆದಿಲ್ಲ. ಬರುವ ಎಂಬುದು ಮಾತ್ರ ಹಳಗನ್ನಡದಲ್ಲಿ ಬರ್ಪ. ಹಳಗನ್ನಡ ಪದ್ಯ ಓದುವಾಗ ಈ ಬರ್ಪ ಬಂದರೆ ನಮಗೆ ನಾಲಗೆ ತೊಡರುತ್ತಿತ್ತು. ಆದರೆ ನಮ್ಮ ಬೆಂಚಿನ ತುಳು ಹುಡುಗ ಮನೆಯಲ್ಲಿ ದಿನಾ ಬರ್ಪಿನ ವರ್ಷ, ಬರ್ಪಿನ ವಾರ ಎನ್ನುತ್ತಿದ್ದ. ಹಳಗನ್ನಡದ ಬರ್ಪಕ್ಕೂ ಅವನ ಬರ್ಪಿನಕ್ಕೂ ಇರುವ ಹೋಲಿಕೆ ಅವನಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ತರಗತಿಯಲ್ಲಿ ತುಳು ಮಾತಾಡಬಾರದು ಎಂಬ ನಿಯಮ ಬೇರೆ ಇತ್ತಲ್ಲ.

ವ್ಯಾಕರಣ 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಿಟ್ಟೆಲ್ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ಎಪ್ಪತ್ತೊಂದು ವರ್ಷ ಆಗಿತ್ತು.

ಅವರ ನಿಘಂಟಿಗೆ ಮುಂದೆ ಇನ್ನೊಬ್ಬರು ಹೆಗಲು ಕೊಟ್ಟರು. ಮದ್ರಾಸು ವಿಶ್ವವಿದ್ಯಾಲಯದಲ್ಲಿದ್ದ ಪ್ರೊ. ಎಂ. ಮರಿಯಪ್ಪ ಭಟ್ಟರು, ನಮ್ಮ ದಕ್ಷಿಣ ಕನ್ನಡದವರೇ. ಅವರು ಪರಿಷ್ಕರಿಸಿ ಹಿಗ್ಗಿಸಿದ ಕಿಟ್ಟೆಲ್ ನಿಘಂಟು ನಾಲ್ಕು ಸಂಪುಟಗಳಲ್ಲಿ ಬಂತು. ಕಿಟ್ಟೆಲ್ ಹೆಸರಿನ ಕಾಲೇಜು ಧಾರವಾಡದಲ್ಲಿದೆ. ಬೆಂಗಳೂರಿನಲ್ಲಿ ಮೇಯೋ ಹಾಲಿನ ಹತ್ತಿರ ಅವರ ಪ್ರತಿಮೆ ಇದೆ. ನನ್ನ ಮೊದಲ ಕೆಲಸದ ಎರಡು ವರ್ಷ ಬಸ್ಸಿನಲ್ಲಿ ಅದರ ಎದುರೇ ಹೋಗಿ ಬರುತ್ತಿದ್ದೆ. ಯಾರೋ ಬ್ರಿಟಿಷ್ ಅಧಿಕಾರಿ ಇರಬೇಕು ಎಂದುಕೊಂಡಿದ್ದೆ.

ಆ್ಯಪಿನ ಸಾಲು ಸರಿಯಾಯಿತು. ಖಾಲಿ ಜಾಗವನ್ನು ಮುಂದಕ್ಕೆ ತಂದೆ, ಅದರ ಬೆನ್ನಿಗೆ 'ಅವರು ಹಂಚಿಕೊಂಡ ಫೈಲುಗಳು' ಎಂದು ಸೇರಿಸಿದೆ. ಹೇಳಲು ಇಷ್ಟೇ, ಆದರೆ ಖಾಲಿ ಜಾಗ ಎಲ್ಲಿ ಬೇಕಾದರೂ ಕೂರಬಹುದು ಎಂದು ಮೂಲ ಪ್ರೋಗ್ರಾಮಿನಲ್ಲಿ ಯಾರೂ ಎಣಿಸಿರಲಿಲ್ಲ, ಆದ್ದರಿಂದ ಎರಡು ದಿನ ಹಿಡಿಯಿತು. ತಂಡದ ಜರ್ಮನ್ ಸಹೋದ್ಯೋಗಿಗೆ ಕಾರಣ ವಿವರಿಸಿದಾಗ, ತಮ್ಮ ಬರಹದ ಭಾಷೆಯಲ್ಲೂ ಹೀಗೆ ಎಲ್ಲವನ್ನೂ ಮುಂದೆ ಪೇರಿಸಿ ನಾಮಪದವನ್ನು ಕೊನೆಗೆ ಇಡುವ ಒಂದು ಕ್ರಮ ಉಂಟು ಎಂದು ಅವನು ಎರಡು ಉದಾಹರಣೆ ಬರೆದು ತೋರಿಸಿದ. ಹಾಗಾದರೆ ಕಿಟ್ಟೆಲ್ ಸಾಹೇಬರಿಗೆ ನಮ್ಮ ಬಂದ ಹುಡುಗ ತೀರಾ ಅಪರಿಚಿತ ಆಗಿರಲಿಕ್ಕಿಲ್ಲ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ನಮ್ಮ ಕನ್ನಡ ಮಾಷ್ಟ್ರನ್ನು ಸಂತೆಕಟ್ಟೆಯ ಬಳಿ ಕಂಡೆ. ನಿವೃತ್ತರಾಗಿ ಎಷ್ಟೋ ವರ್ಷ ಆಯಿತು, ಕೈಯಲ್ಲಿ ಬಸಳೆಯ ಕಟ್ಟು ಇತ್ತು. ಮಾಡಿದಡುಗೆ ಗಮಕ ಸಮಾಸ ಸಾರ್, ಈಗ ಗೊತ್ತಾಯಿತು ಎಂದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಹಾಗಾದರೆ ಹೆಮ್ಮರ ಯಾವುದು ಎಂದು ನಡುರಸ್ತೆಯಲ್ಲೇ ಕೇಳಿದರು. ಹಿರಿದು + ಮರ, ಕರ್ಮಧಾರಯ ಎಂದೆ. ಬಸ್ಸು ಬಂತು, ಅವರು ಹತ್ತಿದರು.